ಹಾಗ್ವಾರ್ಟ್ಸ್ ಗೇಮ್ ಆಡ್ರಿ, ಆದ್ರ ಅಮಿತ್ ಠಕ್ಕರ್‌ನ ಮರೀಬ್ಯಾಡ್ರಿ

ಉಮರ್ಗಾ, ನಿಲಂಗಾ, ಉದಗೀರದ ತಮ್ಮ-ತಂಗಿಯರೇ,

ಭಾಷೆಯ ಪುಟದಾಗ ವಿಡಿಯೊ ಗೇಮ್ ಬಗ್ಗೆ ಯಾಕ ಬರೀಲತ್ತೀರಿ ಅಂತ ಕೆಲವರು ಕೇಳಬಹುದು. ಕಾರಣ ಅದ. ಪೂರ್ತಿ ಓದ್ರಿ.

'ಹಾಗ್ವಾರ್ಟ್ಸ್ ಲೆಗಸಿ' ಗೊತ್ತಿಲ್ಲದ ಹುಡುಗರು ಈಗ ಕಡಿಮೆ. ಹ್ಯಾರಿ ಪಾಟರ್ ಪುಸ್ತಕಗಳ ಲೋಕದ ಮೇಲೆ ಅವಲಾಂಚ್ ಸಾಫ್ಟ್‌ವೇರ್ ಕಂಪನಿ ಮಾಡಿದ ರೋಲ್-ಪ್ಲೇಯಿಂಗ್ ಗೇಮ್ ಇದು. 2023ರ ಫೆಬ್ರವರಿ 10ಕ್ಕೆ ಬಂತು. ಎರಡೇ ವಾರದಾಗ 1.2 ಕೋಟಿ ಪ್ರತಿ, ವರ್ಷ ಮುಗಿಯೋದ್ರೊಳಗ 2.2 ಕೋಟಿ ಪ್ರತಿ ಮಾರಾಟ ಆಯ್ತು. ಕಂಪ್ಯೂಟರಿನಾಗ ಆಡಬೇಕಂದ್ರ 16 ಜಿಬಿ ರ‍್ಯಾಮ್, 85 ಜಿಬಿ ಜಾಗ ಬೇಕು. ನಮ್ಮ ಹಳ್ಳಿಗಳಾಗ ಅಂಥ ಕಂಪ್ಯೂಟರ್ ಎಷ್ಟು ಮನೆಯಾಗ ಇರ್ತಾವ? ಅದಕ್ಕೇ ಬಹಳ ಮಂದಿ ಈ ಗೇಮನ್ನ ಆಡಿದ್ದಕ್ಕಿಂತ ಮೊಬೈಲಿನಾಗ, ಯೂಟ್ಯೂಬಿನಾಗ ನೋಡಿದ್ದೇ ಹೆಚ್ಚು.

ಗೇಮ್ ಹ್ಯಾಂಗದ? ಕೋಟೆ ಭಾಳ ಛಂದ ಕಟ್ಟ್ಯಾರ. ಕಥೆ ನಡೆಯೋದು 1890ರ ದಶಕದಾಗ, ಹ್ಯಾರಿ ಹುಟ್ಟೋಕಿಂತ ಎಷ್ಟೋ ಮೊದಲು. ನೀವೇ ಒಂದು ಪಾತ್ರ ಮಾಡ್ಕೊಂಡು ಸೀದಾ ಐದನೇ ವರ್ಷದ ತರಗತಿಗೆ ಸೇರ್ತೀರಿ. ಗೋಡೆ ಹಿಂದಿನ ಗುಟ್ಟು ಹುಡುಕ್ತಾ ಗಂಟೆಗಟ್ಟಲೆ ಕಳೀಬಹುದು. ಆದ್ರ ಕೊರತೆನೂ ಅದಾವ. ಕ್ವಿಡಿಚ್ ಆಡಾಕ ಸಿಗೋದಿಲ್ಲ. ರೋಲ್-ಪ್ಲೇಯಿಂಗ್ ಅಂದ್ರ ನಮ್ಮ ಆಯ್ಕೆಗೆ ಬೆಲೆ ಇರಬೇಕು. ಇಲ್ಲಿ ಕೊಲ್ಲೋ ಮಂತ್ರ ಹಾಕಿದ್ರೂ ಶಾಲೆ ನಿಮ್ಮನ್ನ ಹೊರಗ ಹಾಕೋದಿಲ್ಲ. ಲೇಖಕಿ ರೌಲಿಂಗ್ ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಆಡಿದ ಮಾತುಗಳಿಂದ ಬೇಸತ್ತು ಗೇಮ್ ಬಹಿಷ್ಕಾರ ಮಾಡ್ರಿ ಅಂದವರೂ ಇದ್ರು. ಗೇಮ್ ತಯಾರಿಯಾಗ ಆಕೆಯ ನೇರ ಪಾಲಿಲ್ಲ ಅಂತ ಕಂಪನಿ ಹೇಳಿತು. ಈ ವಾದಗಳನ್ನ ನೀವು ಕೇಳೇ ಇರ್ತೀರಿ. ನಾನು ಹೇಳೋದು ಬೇರೆ.

ಗೇಮಿನ ಖಳ ರ‍್ಯಾನ್‌ರಾಕ್ ಅನ್ನೋ ಗಾಬ್ಲಿನ್. ಗಾಬ್ಲಿನ್‌ಗಳಿಗೆ ಮಂತ್ರದಂಡ ಹಿಡಿಯೋ ಹಕ್ಕಿಲ್ಲ. ಅವರ ಸಿಟ್ಟಿಗೆ ಕಾರಣ ಅದ, ಆದ್ರ ಆ ಸಿಟ್ಟಿನ ಒಳಗ ಹೊಕ್ಕು ನೋಡೋ ತಾಳ್ಮೆ ಗೇಮಿಗಿಲ್ಲ. ಅವರನ್ನ ಹೊಡೆದು ಮುಂದ ಹೋಗೋದೇ ನಮ್ಮ ಕೆಲಸ. ಅವರ ಭಾಷೆಗೆ ಇರೋ ಹೆಸರು 'ಗಾಬಲ್‌ಡಿಗುಕ್'. ಇಂಗ್ಲಿಷಿನಾಗ ಈ ಶಬ್ದಕ್ಕ ಅರ್ಥ ಏನು ಗೊತ್ತೇನು? ತಿಳಿಯಲಾರದ ಬಡಬಡಿಕೆ. ಮೌರಿ ಮ್ಯಾವೆರಿಕ್ ಅನ್ನೋ ಅಮೆರಿಕದ ರಾಜಕಾರಣಿ 1944ರಾಗ, ಕಚೇರಿಗಳ ತಲೆಬುಡ ಇಲ್ಲದ ಬರವಣಿಗೆ ಮೇಲೆ ಸಿಟ್ಟಾಗಿ, ಟರ್ಕಿ ಕೋಳಿಯ ಸದ್ದು ನೆನೆಸಿ ಈ ಶಬ್ದ ಹುಟ್ಟಿಸಿದ. ಅಂದ್ರ ಒಂದು ಇಡೀ ಜನಾಂಗದ ತಾಯಿನುಡಿಗೆ 'ಬಡಬಡಿಕೆ' ಅಂತ ಹೆಸರು! ಅದು ಅವರು ಇಟ್ಕೊಂಡ ಹೆಸರಿನಂಗ ಕಾಣೋದಿಲ್ಲ. ತಿಳಿಯದವರು ಇಟ್ಟ ಹೆಸರಿನಂಗ ಕಾಣ್ತದ.

ಈ ಮಾತು ನಮಗ ಹೊಸದಲ್ಲ. ಬಸ್‌ಸ್ಟ್ಯಾಂಡಿನಾಗ ಅವ್ವನ ಜೋಡಿ ಕನ್ನಡದಾಗ ಮಾತಾಡ್ಲತ್ತಿದ್ದಾಗ ಯಾರಾದ್ರೂ ತಿರುಗಿ ನೋಡಿದ್ರ ದನಿ ತಗ್ಗಿಸ್ತೀವಲ್ಲ, ಅದರ ಬೇರು ಇಲ್ಲೇ ಅದ. ಆ ಕಡೆ ಹೋದ್ರ ಬೆಂಗಳೂರಿನವರು ನಮ್ಮ ಗಡಿ ಕನ್ನಡ ಕೇಳಿ ನಗ್ತಾರ. ಎರಡೂ ಕಡೆ ನಮ್ಮ ಮಾತೇ ಬಡಬಡಿಕೆ!

ಈಗ ಅಮಿತ್ ಠಕ್ಕರ್ ವಿಷಯ. ಗೇಮಿನಾಗ ಒಬ್ಬ ಭಾರತೀಯ ಮೂಲದ ಹುಡುಗ, ರೇವನ್‌ಕ್ಲಾ ಮನೆಯವ. ನಕ್ಷತ್ರ ನೋಡೋದಂದ್ರ ಪ್ರಾಣ, ಹೊಡೆದಾಟ ಅಂದ್ರ ಹಿಂಜರಿಕೆ. ಆದ್ರ ಗಾಬ್ಲಿನ್‌ಗಳ ಗಣಿಯೊಳಗ ಹೋಗೋ ಹೊತ್ತಿಗೆ ಅವನೇ ಬೇಕಾಗ್ತಾನ. ಯಾಕಂದ್ರ ಅವನಿಗೆ ಗಾಬಲ್‌ಡಿಗುಕ್ ಓದಾಕ ಬರ್ತದ. ಎಲ್ಲರೂ ಬಡಬಡಿಕೆ ಅಂದಿದ್ದನ್ನ ಅವನು ಕೂತು ಕಲಿತಿದ್ದ. ಗಣಿಯೊಳಗ ಸಿಕ್ಕ ಬರಹದ ಅರ್ಥ ಹೇಳಾಕ ಎಷ್ಟು ಗಟ್ಟಿ ಮಂತ್ರ ಇದ್ರೂ ಉಪಯೋಗ ಇಲ್ಲ, ಭಾಷೆನೇ ಬೇಕು.

ನಾವು ಹುಟ್ಟಾ ಅಮಿತ್ ಠಕ್ಕರ್‌ಗಳು. ಮನೆಯಾಗ ಕನ್ನಡ, ಶಾಲೆ-ಬಜಾರದಾಗ ಮರಾಠಿ, ಮೊಬೈಲಿನಾಗ ಹಿಂದಿ. ಉದಗೀರ, ನಿಲಂಗಾ 1956ರ ತನಕ ಬೀದರ್ ಜಿಲ್ಲೆಯಾಗೇ ಇದ್ದವು. ಗಡಿಗೆರೆ ಸರಿದರೂ ಮನೆಮಾತು ಉಳೀತು. ಮರಾಠಿ ಕಲಿಯೋದು ಸೋಲಲ್ಲ, ಅದು ನಮ್ಮ ಅನ್ನದ ಭಾಷೆ. ಕನ್ನಡ ಬಿಡೋದು ಮಾತ್ರ ಕೈಯಾಗಿನ ಒಂದು ಕೀಲಿ ಬಾವಿಗೆ ಎಸೆದಂಗ.

ಇನ್ನೊಂದು ಮಾತು. ಈ ಗೇಮಿನ ಭಾಷೆಗಳ ಪಟ್ಟಿ ತೆಗೆದು ನೋಡ್ರಿ. ಜಪಾನಿ, ಕೊರಿಯನ್, ಅರಬ್ಬಿ, ಪೋಲಿಷ್ ಎಲ್ಲಾ ಅದಾವ. ಭಾರತದ ಒಂದೂ ಭಾಷೆ ಇಲ್ಲ, ಹಿಂದಿನೂ ಇಲ್ಲ. ಪೋಲಿಷ್ ಆಡೋ ಜನ ಸುಮಾರು 4 ಕೋಟಿ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಹಂಗಾದ್ರ ಕೊರತೆ ಜನಸಂಖ್ಯೆದಲ್ಲ. ರೊಕ್ಕ ಕೊಟ್ಟು ಕೊಳ್ಳೋರ, ನಮ್ಮ ಭಾಷೆಯಾಗ ಬೇಕು ಅಂತ ಕೇಳೋರ ಕೊರತೆ.

'ಆಟ ಆಟ ಇದ್ದಂಗ ಇರಲಿ ಬಿಡ್ರಿ ಅಣ್ಣ, ಅದರಾಗ ಭಾಷೆ ಯಾಕ?' ಅನ್ನೋರಿಗೆ ಒಂದು ಮಾತು. ಇಂಥ ಗೇಮ್ ಅಂದ್ರ ಒಂದು ದಪ್ಪ ಕಾದಂಬರಿ. ಪತ್ರ, ಸಂಭಾಷಣೆ, ಪುಸ್ತಕ ಓದದೆ ಕಥೆ ತಿಳಿಯೋದಿಲ್ಲ. ನಮ್ಮ ಹುಡುಗರು ಕನಸು ಕಾಣೋ ಜಾಗದಾಗ ಮನೆಮಾತು ಇಲ್ಲಂದ್ರ, ಆ ಮಾತು ಅಡಿಗೆಮನೆಗೆ ಅಷ್ಟೇ ಸಾಕು ಅಂತ ಅವರು ತಿಳ್ಕೊಂತಾರ. ಅಲ್ಲಿಂದ ಅದು ಅಜ್ಜಿ ಜೋಡಿ ಹೋಗಿಬಿಡ್ತದ.

ಏನು ಮಾಡಬಹುದು? ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಭಾಷಾ ಪಟ್ಟಿಯಾಗ ಕನ್ನಡ ಅದ. ಅದನ್ನ ಯಾವ ಸರಕಾರನೂ ಹಾಕಿಸಿಲ್ಲ. ಕ್ರೌಡಿನ್ ತಾಣದಾಗ ನಮ್ಮಂಥ ಆಟಗಾರರೇ ಒಂದೊಂದು ಸಾಲು ಅನುವಾದ ಮಾಡಿದ್ದು. ನೀವೂ ಸೇರಬಹುದು, ದಿನಕ್ಕ ಹತ್ತು ಸಾಲು ಸಾಕು. ಎರಡನೇದು, ಗೇಮ್ ಆಡೋವಾಗ ನಮ್ಮ ಕನ್ನಡದಾಗೇ ಕಾಮೆಂಟರಿ ಮಾಡಿ ಹಾಕ್ರಿ. ಪುಸ್ತಕದ ಕನ್ನಡ ಬ್ಯಾಡ. 'ಏ ನಿಲ್ಲೋ, ಹಿಂದ ಬರ್ಲತ್ತಾನ ನೋಡು!' ಅಂತ ಬಾಯಿಗೆ ಬಂದಂಗ ಮಾತಾಡ್ರಿ. ಮೂರನೇದು, ಕೋಡಿಂಗ್ ಕಲೀಲತ್ತಿರೋರು ಉದಗೀರದ ಕೋಟೆ, ನಳದುರ್ಗದ ಪಾಣಿಮಹಲ್ ಒಮ್ಮೆ ಆಟಗಾರರ ಕಣ್ಣಿಲೆ ನೋಡ್ರಿ. ಗುಟ್ಟಿನ ದಾರಿ, ಬುರುಜು, ನೀರಿನ ನಡುವಿನ ಕೋಣೆ, ಹಾಗ್ವಾರ್ಟ್ಸಿಗೆ ಕಡಿಮೆ ಏನದ? ಅಲ್ಲೊಂದು ಸಣ್ಣ ಗೇಮ್ ಮಾಡ್ರಿ, ಕನ್ನಡದಾಗೂ ಮಾಡ್ರಿ, ಮರಾಠಿಯಾಗೂ ಮಾಡ್ರಿ.

ಯಾರ ಯಾರ ಕಡೆ ಮೈಕ್ ಅದ, ಯಾರಿಗೆ ಅನುವಾದ ಮಾಡೋ ಮನಸ್ಸದ, ಕೆಳಗ ಊರಿನ ಹೆಸರು ಬರೀರಿ. ಮೂರು ತಾಲೂಕಿನ ಹತ್ತು ಮಂದಿ ಆದ್ರ ಈ ವಾರನೇ ಕೆಲಸ ಶುರು ಮಾಡೋಣ.