ಚೆಂಡು ಬಾರದ ಆಟ

ಮೂವರು ಚೆಂಡು ಎಸೆದಾಡುತ್ತಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರು ತಮ್ಮತಮ್ಮಲ್ಲೇ ಎಸೆದುಕೊಳ್ಳತೊಡಗುತ್ತಾರೆ. ಮೂರನೆಯವನ ಕಡೆಗೆ ಚೆಂಡು ಬರುವುದೇ ಇಲ್ಲ. ಅವನಿಗೆ ಹೇಗನ್ನಿಸೀತು? ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ನೋಡಿ, 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಟ ನಡೆದದ್ದು ಕಂಪ್ಯೂಟರ್ ತೆರೆಯ ಮೇಲೆ. ಆಡುವವನು ಮಲಗಿದ್ದು ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ. ಉಳಿದಿಬ್ಬರು ಮನುಷ್ಯರೆಂದು ಅವನು ನಂಬಿದ್ದ. ನಿಜಕ್ಕೂ ಅದು ಬರೀ ಪ್ರೋಗ್ರಾಂ.

ಚೆಂಡು ನಿಂತಾಗ ಅವನ ಮೆದುಳಿನಲ್ಲಿ ಚುರುಕಾದದ್ದು ಆಂಟೀರಿಯರ್ ಸಿಂಗ್ಯುಲೇಟ್ ಕಾರ್ಟೆಕ್ಸ್ ಎಂಬ ಭಾಗ. ಕೈ ಸುಟ್ಟಾಗಿನ ಸಂಕಟದಲ್ಲೂ ಅದಕ್ಕೆ ಪಾಲುಂಟು. ಆ ಭಾಗಕ್ಕೆ ಬೇರೆ ಕೆಲಸಗಳೂ ಇವೆ, ಎರಡು ನೋವೂ ಒಂದೇ ಎನ್ನುವುದು ಅವಸರ ಎಂದು ಆಮೇಲೆ ಕೆಲವು ವಿಜ್ಞಾನಿಗಳು ತಕರಾರು ತೆಗೆದರು. ಸರಿಯೇ. ಆದರೂ ‘ಮೊಬೈಲಿನಲ್ಲಿ ತಾನೇ, ಅದೇನು ಮಹಾ’ ಎನ್ನುವ ತಂದೆತಾಯಂದಿರಿಗೆ ಈ ಪ್ರಯೋಗ ತಿಳಿದಿರಬೇಕು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದ್ದಕ್ಕಿದ್ದಂತೆ ಹಿಂದಿನ ಬೆಂಚಿಗೆ ಹೋದ. ಊಟದ ಡಬ್ಬಿ ತೆರೆಯುತ್ತಿರಲಿಲ್ಲ. ಸಹಪಾಠಿಗಳು ಅವನ ಫೋಟೊಕ್ಕೆ ಕತ್ತೆಯ ಕಿವಿ ಅಂಟಿಸಿ ವಾಟ್ಸ್‌ಆ್ಯಪ್ ಸ್ಟಿಕರ್ ಮಾಡಿದ್ದರು. ಆಕ್ಷೇಪಿಸಿದ್ದಕ್ಕೆ ಗುಂಪಿನಿಂದಲೇ ತೆಗೆದುಹಾಕಿದ್ದರು. ‘ಮನೆಯಲ್ಲಿ ಹೇಳಿದೆಯೇನೋ?’ ಎಂದು ಕೇಳಿದೆ. ‘ಹೇಳಿದ್ರೆ ಅಪ್ಪ ಫೋನ್ ಕಿತ್ಕೋತಾರೆ ಸಾರ್’ ಎಂದ.

ಪೋಷಕರೇ, ಈ ಒಂದು ವಾಕ್ಯವನ್ನು ಗಮನಿಸಿ. ಏಟು ತಿಂದವನಿಗೇ ದಂಡ ಹಾಕುವ ಮನೆಯಲ್ಲಿ ಯಾವ ಮಗು ದೂರು ಹೇಳೀತು? ಫೋನ್ ಕಿತ್ತುಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಡಿ, ಆಮೇಲೆ ಕೇಳಿ. ರಾತ್ರಿ ಮಾತ್ರ ಫೋನು ಹಜಾರದಲ್ಲಿರಲಿ, ನಿಮ್ಮದೂ ಸೇರಿ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏರುತ್ತದೆ. ಎಚ್ಚರವಾಗಿರುವ ಹುಡುಗನ ಕೈಗೆ ಹನ್ನೊಂದು ಗಂಟೆಗೆ ಬರುವ ಗೇಲಿಮಾತು ಬೆಳಗಿನವರೆಗೆ ಕಾಡುತ್ತದೆ. ನಮ್ಮ ಕಾಲದಲ್ಲೂ ಅಡ್ಡಹೆಸರುಗಳಿದ್ದವು, ಆದರೆ ಗಂಟೆ ಹೊಡೆದ ಮೇಲೆ ಅವು ಶಾಲೆಯಲ್ಲೇ ಉಳಿಯುತ್ತಿದ್ದವು. (ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳ ಭಾಷೆಯನ್ನೂ ಒಮ್ಮೆ ಓದಿಕೊಂಡರೆ ಒಳ್ಳೆಯದು. ಮಕ್ಕಳು ಕಲಿಯುವುದು ಎಲ್ಲಿಂದ?)

ಇನ್ನು ವಿದ್ಯಾರ್ಥಿಗಳಿಗೆ. ಸ್ಟಿಕರ್ ಮಾಡಿದವನು ಒಬ್ಬ, ನಕ್ಕ ಮುಖ ಕಳಿಸಿದವರು ಇಪ್ಪತ್ತು ಮಂದಿ. ಆ ಹುಡುಗ ಎಣಿಸಿದ್ದು ಆ ಇಪ್ಪತ್ತನ್ನು. ಗುಂಪಿನಲ್ಲಿ ಎದುರು ಮಾತಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಬೇಡ. ಅವನೊಬ್ಬನಿಗೇ ‘ನಾಳೆ ಆಟಕ್ಕೆ ಬಾ’ ಎಂದು ಬರೆಯಲು ಯಾರಪ್ಪಣೆ ಬೇಕು?

ಕೀಟಲೆ ಎಂದುಕೊಂಡದ್ದು ಎಷ್ಟೋ ಸಲ ಅಪರಾಧವೇ ಆಗಿರುತ್ತದೆ. ಗೆಳತಿಯ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಬರುತ್ತದೆ: 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ನಿಜ, ಹೋಗುವುದಂತೂ ಹೋಗುತ್ತದೆ.

ನೀವೇ ಗುರಿಯಾಗಿದ್ದರೆ ಸಿಟ್ಟಿನಲ್ಲಿ ಉತ್ತರಿಸಬೇಡಿ, ಅಳಿಸಲೂ ಬೇಡಿ. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಬ್ಲಾಕ್ ಮಾಡಿ. ಫೋಟೊ ಇಟ್ಟುಕೊಂಡು ಹೆದರಿಸುವವರಿದ್ದರೆ ಅದು ಮೇಷ್ಟ್ರು ಒಬ್ಬರೇ ಬಗೆಹರಿಸುವ ಮಾತಲ್ಲ, ಮನೆಯವರೊಂದಿಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಗೆ ಹೋಗಿ. ಊಟ ನಿದ್ದೆ ಬಿಟ್ಟು ‘ನಾನು ಇರಬಾರದಿತ್ತು’ ಎನ್ನಿಸತೊಡಗಿದರೆ ಅದೇ ದಿನ ಯಾರಾದರೂ ದೊಡ್ಡವರಿಗೆ ಹೇಳಬೇಕು. ಅವರೂ ಸಿಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಬೇಕಿಲ್ಲ. ಮಕ್ಕಳ ಸಹಾಯವಾಣಿ 1098. ಎರಡನ್ನೂ ಶಾಲೆಯ ಡೈರಿಯ ಮೊದಲ ಪುಟದಲ್ಲಿ, ಬಸ್ ಪಾಸಿನ ನಂಬರಿನ ಪಕ್ಕ ಬರೆದಿಟ್ಟುಕೊಳ್ಳಿ.