ಒಂದು ಒಲೆ, ಮೂರು ಲೆಕ್ಕ

ಬೆಳಗಿನ ಜಾವ ತಲಕಾಡಿನ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ನೋಡಿದವರಿಗೆ ನಾವು ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ. ಬುತ್ತಿ ಹಿಡಿದ ಹುಡುಗರು ತಿರುಮಕೂಡಲು ನರಸೀಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ನಂಜನಗೂಡಿಗೋ ತಾಂಡ್ಯಕ್ಕೋ ಕಡಕೊಳಕ್ಕೋ ಕೆಲಸಕ್ಕೆ ಹೊರಡುತ್ತಾರೆ. ಕತ್ತಲಾದ ಮೇಲೆ ಅದೇ ತಂದೆಯ ಮನೆಗೆ ಹಿಂದಿರುಗುತ್ತಾರೆ. ಇಪ್ಪತ್ತೈದು ಮೂವತ್ತು ದಾಟಿದವರು. ಹಲವರಿಗೆ ಮದುವೆಯೂ ಆಗಿದೆ. ಬೇರೆ ಒಲೆ ಹೂಡಲು ಸಂಬಳ ಸಾಲದು. ಮೈಸೂರ ದೊರೆಗಳಿಗೆ ಮಕ್ಕಳಾಗದಿರಲೆಂದು ಅಲಮೇಲಮ್ಮ ಶಪಿಸಿದ ಕಥೆ ಈ ಊರಿನದೇ. ಇಂದು ಈ ಊರಿನ ಮುದುಕರ ಸಂಕಟ ಅದಲ್ಲ. ಮಕ್ಕಳಿದ್ದಾರೆ, ಮನೆಯಲ್ಲಿಯೇ ಇದ್ದಾರೆ, ದುಡಿಯುತ್ತಲೂ ಇದ್ದಾರೆ. ಆದರೂ ತಿಂಗಳ ಕೊನೆಯ ವಾರ ಕೈಗಡವಿಲ್ಲದೆ ದಾಟುವುದಿಲ್ಲ.

ಇದನ್ನು ಮನೆಮನೆಯ ಜಗಳವೆಂದು ತಳ್ಳಿಹಾಕುವುದು ವಾಡಿಕೆ. ಮಗ ಹೆಂಡತಿಯ ಮಾತು ಕೇಳಿ ಕೆಟ್ಟನೆಂದು ಒಂದು ಕಡೆ, ಅಪ್ಪನಿಗೆ ಎಷ್ಟು ಕೊಟ್ಟರೂ ತೃಪ್ತಿಯಿಲ್ಲವೆಂದು ಇನ್ನೊಂದು ಕಡೆ. ಪಂಚಾಯಿತಿ ಮಾಡುವ ಹಿರಿಯರು ಇಬ್ಬರಿಗೂ ಬುದ್ಧಿ ಹೇಳಿ ಎದ್ದುಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಜಗಳದ ಬೇರು ಆ ಮನೆಯೊಳಗೆ ಮಾತ್ರ ಇಲ್ಲ. ಮನೆಯ ಹೊರಗೆ ಕುಳಿತು ಮನೆಯ ಲೆಕ್ಕ ಬರೆಯುವವರ ಕಡತಗಳಲ್ಲಿಯೂ ಇದೆ.

ಉದಾಹರಣೆಗೆ ಒಂದು ಮನೆಯನ್ನು ಇಟ್ಟುಕೊಳ್ಳೋಣ. ತಂದೆ ಗಿರಣಿಯಲ್ಲಿ ದುಡಿದು ಬಿಟ್ಟವರು. ಪ್ರಾವಿಡೆಂಟ್ ಫಂಡ್ ಕಚೇರಿಯಿಂದ ಬರುವ ಪಿಂಚಣಿ ತಿಂಗಳಿಗೆ ೧,೦೦೦ ರೂ. ೨೦೧೪ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿಯೆಂದು ಗೊತ್ತುಮಾಡಿದ್ದು ಅಷ್ಟೇ. ಹಿರಿಯ ಮಗ ಕಂತ್ರಾಟು ಕೆಲಸಗಾರ, ಕೈಗೆ ಬರುವುದು ೧೫,೦೦೦. ಅವನಿಗೆ ಹೆಂಡತಿ, ಒಂದು ಮಗು. ಕಿರಿಯವನಿಗೆ ಮದುವೆಯಾಗಿಲ್ಲ, ೧೩,೦೦೦. ತಾಯಿ ಎಲ್ಲರಿಗೂ ಬೇಯಿಸಿ ಹಾಕುತ್ತಾಳೆ. ಒಲೆ ಒಂದು, ಉಣ್ಣುವ ಬಾಯಿ ಆರು.

ಈ ಮನೆಯ ತಾಯಿ ಪಡಿತರದ ಅಂಗಡಿಗೆ ಹೋಗಲಿ. ಅಲ್ಲಿ ಇಡೀ ಮನೆಯ ಆದಾಯವನ್ನು ಒಟ್ಟುಗೂಡಿಸಿ ನೋಡುತ್ತಾರೆ. ಬಿ.ಪಿ.ಎಲ್. ಕಾರ್ಡಿಗೆ ರಾಜ್ಯ ಇಟ್ಟ ಮಿತಿ ವರ್ಷಕ್ಕೆ ೧,೨೦,೦೦೦ ರೂ. ಹಿರಿಯ ಮಗನ ಸಂಬಳವೊಂದೇ ೧,೮೦,೦೦೦ ಆಗುತ್ತದೆ. ೨೦೨೪ರ ನವೆಂಬರಿನಲ್ಲಿ ಈ ಮಿತಿಯನ್ನು ಹಿಡಿದು ತಪಾಸಣೆ ನಡೆಸಿ ಅನೇಕ ಕಾರ್ಡುಗಳನ್ನು ಎ.ಪಿ.ಎಲ್.ಗೆ ತಳ್ಳಿದಾಗ ರಾಜ್ಯವೆಲ್ಲ ಗದ್ದಲವೆದ್ದಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಇವರ ಹೊರತು ಉಳಿದವರ ಕಾರ್ಡು ಮುಟ್ಟುವುದಿಲ್ಲವೆಂದು ಸರ್ಕಾರದವರು ಹೇಳಬೇಕಾಯಿತು. ಸಂತೋಷ. ಆದರೆ ಮಿತಿ ಎಂಬ ಕತ್ತಿ ಗೋಡೆಯ ಮೇಲೆ ತೂಗುತ್ತಲೇ ಇರುವಾಗ ಮುದುಕರು ನಿಶ್ಚಿಂತೆಯಿಂದ ಮಲಗುವುದು ಹೇಗೆ? ಮಗನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕಿತೆಂದರೆ ತಾಯಿಯ ಅಕ್ಕಿಗೆ ಸಂಚಕಾರ. ೨೦೨೩ರ ಆಗಸ್ಟ್ ೩೦ರಂದು ಮೈಸೂರಿನಲ್ಲಿಯೇ ಆರಂಭವಾದ ಗೃಹಲಕ್ಷ್ಮಿಯ ೨,೦೦೦ ರೂಪಾಯಿಯೂ ಕಾರ್ಡಿನ ಯಜಮಾನಿಗೆ ಮಾತ್ರ. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ. ಅತ್ತೆ ಸೊಸೆಯರಲ್ಲಿ ಆ ಹೆಸರು ಯಾರದೆಂಬ ಮಾತು ಎಷ್ಟು ಮನೆಗಳಲ್ಲಿ ಹೊಗೆಯಾಡಿದೆಯೆಂಬುದನ್ನು ನಮ್ಮ ವಾಚಕರೇ ಬಲ್ಲರು.

ಈಗ ಅದೇ ಮನೆ ಸಾಲಕ್ಕೆ ಹೋಗಲಿ. ಕಿರುಸಾಲದ ಕಂಪನಿಗಳಿಗೆ ೨೦೨೨ರಲ್ಲಿ ರಿಜರ್ವ್ ಬ್ಯಾಂಕು ಹಾಕಿಕೊಟ್ಟ ನಿಯಮದಲ್ಲಿ ಮನೆ ಎಂದರೆ ಗಂಡ, ಹೆಂಡತಿ, ಅವರ ಮದುವೆಯಾಗದ ಮಕ್ಕಳು. ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯವುಳ್ಳ ಮನೆಗೆ ಅಡಮಾನವಿಲ್ಲದ ಸಾಲ. ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನಮ್ಮ ಮನೆಯ ಒಟ್ಟು ಆದಾಯ ೩,೪೮,೦೦೦. ಒಂದೇ ಮನೆಯೆಂದು ಎಣಿಸಿದರೆ ಈ ಸಾಲ ಹುಟ್ಟಲಾರದು. ಆದರೆ ಮದುವೆಯಾದ ಮಗ ಈ ಲೆಕ್ಕದಲ್ಲಿ ಬೇರೆ ಮನೆ! ಅವನದು ೧,೮೦,೦೦೦, ತಂದೆತಾಯಿ ಮತ್ತು ಕಿರಿಯವನದು ೧,೬೮,೦೦೦. ಸೊಸೆ ಒಂದು ಸಂಘದಲ್ಲಿ ಸಹಿ ಹಾಕಬಹುದು, ಅತ್ತೆ ಇನ್ನೊಂದರಲ್ಲಿ. ಅಕ್ಕಿ ಕೊಡುವಾಗ ಕೂಡಿಸುವವರು, ಸಾಲ ಕೊಡುವಾಗ ಕಳೆಯುತ್ತಾರೆ. ವಾರದ ಕಂತಿನ ದಿನ ವಸೂಲಿಗೆ ಬಂದವನು ಮಾತ್ರ ತಟ್ಟುವುದು ಒಂದೇ ಬಾಗಿಲನ್ನು.

ಇದರ ಫಲ ಏನೆಂಬುದನ್ನು ೨೦೨೫ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳು ತೋರಿಸಿದವು. ವಸೂಲಿಯ ಕಾಟ ತಾಳಲಾರದೆ ಮನೆಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಬಂದಿತು. ಮುಂದಿನ ತಿಂಗಳು ರಾಜ್ಯ ಸರ್ಕಾರ ಕಿರುಕುಳ ತಡೆಗೆ ಸುಗ್ರೀವಾಜ್ಞೆ ಹೊರಡಿಸಿತು. ಕಿರುಕುಳ ನಿಲ್ಲಬೇಕು, ನಿಜ. ಆದರೆ ಆ ಸಾಲ ಏತಕ್ಕಾಗಿ ಆಯಿತು? ಮಗನ ಬೈಕಿಗೆ, ಮಗಳ ಮದುವೆಗೆ, ತಂದೆಯ ಆಸ್ಪತ್ರೆಗೆ. ಅಂದರೆ ಕೂಲಿಯಲ್ಲಿ ಸೇರಿರಬೇಕಾಗಿದ್ದು ಸೇರದೆಹೋದ ಖರ್ಚಿಗೆ.

ಮೂರನೆಯ ಲೆಕ್ಕ ಈ ಕೂಲಿಯದೇ. ೧೯೫೭ರ ಜುಲೈನಲ್ಲಿ ನವದೆಹಲಿಯಲ್ಲಿ ಗುಲ್ಜಾರಿಲಾಲ್ ನಂದಾ ಅವರ ಅಧ್ಯಕ್ಷತೆಯಲ್ಲಿ ಸೇರಿದ ೧೫ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ವೇತನಕ್ಕೆ ಸೂತ್ರ ಹಾಕಿತು. ಒಬ್ಬ ದುಡಿಯುವವನ ಕೂಲಿ ಮೂರು ಬಳಕೆ ಘಟಕಗಳನ್ನು ಸಾಕಬೇಕು, ವಯಸ್ಕನೊಬ್ಬನಿಗೆ ದಿನಕ್ಕೆ ೨,೭೦೦ ಕ್ಯಾಲೊರಿ ಆಹಾರ, ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ ೭೨ ಗಜ ಬಟ್ಟೆ, ಬಾಡಿಗೆ, ಸೌದೆ ದೀಪಗಳಿಗೆ ಶೇಕಡಾ ೨೦. ಅಂದಿಗೆ ಅದು ದೊಡ್ಡ ಗೆಲವು; ಅದನ್ನು ಪಡೆದವರನ್ನು ನಾವು ಹೀಗಳೆಯಲಾರೆವು. ಆದರೆ ಆ ನಾಲ್ಕು ಜನ ಯಾರು? ಗಂಡ, ಹೆಂಡತಿ, ಇಬ್ಬರು ಮಕ್ಕಳು. ಮುದುಕ ತಂದೆ, ಮುದುಕಿ ತಾಯಿ ಆ ಪಂಕ್ತಿಯಲ್ಲಿ ಇಲ್ಲವೇ ಇಲ್ಲ. ೧೯೯೧ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪಿನ ಏರ್ಪಾಡು ಇವುಗಳಿಗೆಂದು ಶೇಕಡಾ ೨೫ ಸೇರಿಸಿತು. ಉಣ್ಣುವವರ ಸಂಖ್ಯೆಯನ್ನು ಮುಟ್ಟಲಿಲ್ಲ. ೨೦೧೯ರಲ್ಲಿ ಕೇಂದ್ರವೇ ನೇಮಿಸಿದ ತಜ್ಞರ ಸಮಿತಿ ಮೂರರ ಬದಲು ೩.೬ ಘಟಕ ಹಿಡಿಯಿರೆಂದಿತು. ೨೦೨೦ರಲ್ಲಿ ವೇತನ ಸಂಹಿತೆಗೆ ಕೇಂದ್ರ ಪ್ರಕಟಿಸಿದ ಕರಡು ನಿಯಮದಲ್ಲಿ ಮತ್ತೆ ಅದೇ ಮೂರು.

ಆ ಮೂರು ಘಟಕದ ಕೂಲಿಯಾದರೂ ನಮ್ಮ ಕಂತ್ರಾಟು ಹುಡುಗರಿಗೆ ಕೈತುಂಬ ಸಿಗುತ್ತಿದೆಯೆ? ತಂದೆ ಕಟ್ಟಿದ ಸೂರಿಗೆ ಬಾಡಿಗೆಯಿಲ್ಲ, ತಾಯಿಯ ಅಡಿಗೆಗೆ ಕೂಲಿಯಿಲ್ಲ, ಮಗುವನ್ನು ಎತ್ತಿ ಆಡಿಸುವ ಅಜ್ಜಿಗೆ ಸಂಬಳವಿಲ್ಲ. ಆದುದರಿಂದಲೇ ಹದಿನೈದು ಸಾವಿರಕ್ಕೆ ಆಳು ಸಿಗುತ್ತಾನೆ. ಮುದುಕರು ಮಗನನ್ನು ಸಾಕುತ್ತಿದ್ದಾರೆಂದು ನಾವು ತಿಳಿದಿದ್ದೇವೆ. ಅವರು ಸಾಕುತ್ತಿರುವುದು ಕಾರ್ಖಾನೆಯನ್ನು. ಮಗ ಐದು ಸಾವಿರ ಕೊಟ್ಟನೋ ಎಂಟು ಸಾವಿರವೋ ಎಂದು ತಂದೆ ಮಕ್ಕಳು ಕಿತ್ತಾಡುವಾಗ ಧಣಿಯ ಹೆಸರು ಆ ಮಾತಿನಲ್ಲಿ ಬರುವುದೇ ಇಲ್ಲ.

ಹಾಗೆಂದು ಮನೆಯೊಳಗಿನ ಅನ್ಯಾಯಕ್ಕೆ ನಾವು ಕಣ್ಣು ಮುಚ್ಚಲಾರೆವು. ಗಂಡುಮಗ ಸಂಬಳದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬಹುದು. ಬಟ್ಟೆ ಕಾರ್ಖಾನೆಗೆ ಹೋಗುವ ಮಗಳು ಮಾತ್ರ ಪೂರ್ತಿ ಸಂಬಳವನ್ನು ತಾಯಿಯ ಕೈಗಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಕುಡಿಯುವ ಚಹಕ್ಕೂ ಲೆಕ್ಕ ಹೇಳಬೇಕು. ೨೦೧೬ರ ಏಪ್ರಿಲಿನಲ್ಲಿ ಪ್ರಾವಿಡೆಂಟ್ ಫಂಡ್ ಹಣಕ್ಕೆ ಕೈಹಾಕಿದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳನ್ನು ತುಂಬಿ ಕೇಂದ್ರ ಸರ್ಕಾರವನ್ನು ಹಿಂದೆಗೆಯುವಂತೆ ಮಾಡಿದವರು ಇಂಥ ಹೆಣ್ಣುಮಕ್ಕಳೇ. ತಮ್ಮ ದುಡ್ಡಿನ ಬೆಲೆ ಅವರಿಗೆ ಗೊತ್ತಿದೆ, ಮನೆಯವರಿಗೂ ಗೊತ್ತಾಗಲಿ.

ಅಂಗಡಿಕಾರ ಮಿತ್ರರ ಮನೆಯ ಕಥೆ ಇದರ ತಿರುಗುಮುರುಗು. ಅಲ್ಲಿ ಮೂವತ್ತೈದರ ಮಗ ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಹಾಕುವವರೆಗೆ ತಕ್ಕಡಿ ಹಿಡಿದಿರುತ್ತಾನೆ, ಗಲ್ಲಾದ ಬೀಗದ ಕೈ ತಂದೆಯ ಉಡಿದಾರದಲ್ಲಿ. ಹೆಂಡತಿಗೆ ಸೀರೆ ತರಬೇಕಾದರೂ ಅಪ್ಪನ ಮುಖ ನೋಡಬೇಕು. ೧೯೩೦ರ ಹಿಂದೂ ವಿದ್ಯಾರ್ಜಿತ ಸಂಪಾದನೆಯ ಕಾಯಿದೆಯ ಪ್ರಕಾರ, ತಂದೆಯ ಖರ್ಚಿನಲ್ಲಿ ಓದಿದ ಮಗನಾದರೂ ವಿದ್ಯೆಯಿಂದ ಗಳಿಸಿದ್ದು ಅವನ ಸ್ವಂತದ್ದು. ಓದದೆ ಅಂಗಡಿಯಲ್ಲಿ ಕುಳಿತವನ ಬೆವರಿಗೆ ಅಂಥ ಕಾಯಿದೆಯ ಆಸರೆಯೂ ಇಲ್ಲ. ವ್ಯಾಪಾರ ಎಷ್ಟೇ ಸಣ್ಣದಿರಲಿ, ಅವನ ಹೆಸರಿನಲ್ಲಿ ತಿಂಗಳಿಗೊಂದು ಸಂಬಳ ಬರೆದಿಡಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಮುದುಕರಿಗೂ ಒಂದು ಎಚ್ಚರಿಕೆ. ಮಗನ ಸಾಲಕ್ಕೆ ಅನುಕೂಲವಾಗಲೆಂದು ಮನೆಯನ್ನು ದಾನಪತ್ರ ಮಾಡಿ ಕೊಡುವವರು ಇದ್ದಾರೆ. ೨೦೦೭ರ ಹಿರಿಯ ನಾಗರಿಕರ ಕಾಯಿದೆಯಂತೆ, ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯವರಲ್ಲಿ ದೂರು ಕೊಡಬಹುದು. ಕಾಯಿದೆಯಲ್ಲಿ ಹೇಳಿದ ಜೀವನಾಂಶದ ಮಿತಿ ತಿಂಗಳಿಗೆ ೧೦,೦೦೦ ರೂ. ಕೊಟ್ಟ ಆಸ್ತಿಯನ್ನು ಹಿಂದಕ್ಕೆ ಪಡೆಯಲೂ ಅದರಲ್ಲಿ ದಾರಿಯಿದೆ. ಆದರೆ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿಗೆ ಒಳಪಟ್ಟು ಆಸ್ತಿ ಕೊಟ್ಟಿದ್ದೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು ೨೦೨೨ರ ಡಿಸೆಂಬರಿನಲ್ಲಿ ಹೇಳಿದೆ. ೨೦೨೫ರ ಜನವರಿಯಲ್ಲಿ ಒಬ್ಬ ತಾಯಿಗೆ ಮನೆ ಹಿಂತಿರುಗಿ ಸಿಕ್ಕಿದ್ದು ಅಂಥ ಷರತ್ತನ್ನು ಕೋರ್ಟು ಒಪ್ಪಿದ್ದರಿಂದ. ಪ್ರೀತಿಯಿದ್ದಲ್ಲಿ ಷರತ್ತೇಕೆ ಎಂದು ಮಗ ಕೇಳಿದರೆ, ಪ್ರೀತಿಯಿದ್ದಲ್ಲಿ ಒಂದು ಸಾಲು ಬರೆಯಲು ಅಡ್ಡಿಯೇನೆಂದು ತಿರುಗಿ ಕೇಳಿ, ಆ ಸಾಲು ಬರೆಸಿಯೇ ಸಹಿ ಹಾಕಿರಿ.

ನಮ್ಮ ಸಂಘಗಳ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಬೋನಸ್ಸಿಗೆ, ಕ್ಯಾಂಟೀನಿಗೆ ಗೇಟಿನ ಮುಂದೆ ಕುಳಿತಿದ್ದೇವೆ. ಮನೆಯಲ್ಲಿ ಉಣ್ಣುವವರ ತಲೆ ಎಣಿಸಿ ಕೂಲಿ ಕೇಳಿದ್ದು ಅಪರೂಪ. ಇ.ಎಸ್.ಐ. ಚಿಕಿತ್ಸೆಯಲ್ಲಿ ಅವಲಂಬಿತ ತಂದೆತಾಯಿಯರಿಗೂ ಹಕ್ಕಿದೆ, ಆದರೆ ಎಷ್ಟು ಜನ ಹೆಸರು ಸೇರಿಸಿದ್ದಾರೆಂದು ಸಂಘದವರು ವಿಚಾರಿಸಿದಂತಿಲ್ಲ. ನಂಜನಗೂಡು, ತಾಂಡ್ಯದ ಕಾರ್ಯಕರ್ತರು ಬರುವ ಬೇಡಿಕೆ ಪಟ್ಟಿಗೆ ಮುನ್ನ ತಮ್ಮ ತಮ್ಮ ಗೇಟಿನಲ್ಲಿ ಒಂದು ಪುಸ್ತಕ ಇಡಲಿ. ಪ್ರತಿಯೊಬ್ಬ ಕೆಲಸಗಾರನ ಒಲೆಯ ಮುಂದೆ ಎಷ್ಟು ಎಲೆ ಬೀಳುತ್ತವೆ, ಅವುಗಳಲ್ಲಿ ಮುದುಕರವು ಎಷ್ಟು, ಕಂತು ಎಷ್ಟು ಎಂಬುದನ್ನು ಬರೆದುಕೊಳ್ಳಲಿ. ಆ ಪುಸ್ತಕವನ್ನೇ ಕಾರ್ಮಿಕ ಅಧಿಕಾರಿಗಳ ಮೇಜಿನ ಮೇಲೆ ಇಟ್ಟು, ಮೂರು ಘಟಕದಲ್ಲಿ ಈ ಮನೆಯ ಯಾರನ್ನು ಹೊರಗೆ ಹಾಕಬೇಕೆಂದು ಕೇಳೋಣ.