ಗಟ್ಟಿಮುಟ್ಟಾದ ಆಟಗಾರರ ಹೃದಯ ಹಠಾತ್ತನೆ ನಿಲ್ಲುವುದೇಕೆ?

2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್‌ನಲ್ಲಿ ಕಾನ್ಫೆಡರೇಷನ್ಸ್ ಕಪ್ ಫುಟ್‌ಬಾಲ್ ಸೆಮಿಫೈನಲ್ ನಡೆಯುತ್ತಿತ್ತು. ಕ್ಯಾಮರೂನ್ ತಂಡದ ಮಾರ್ಕ್-ವಿವಿಯನ್ ಫೋಯೆ, ಯಾರೂ ತಾಗದಿದ್ದರೂ ಮೈದಾನದ ನಡುವೆ ಕುಸಿದುಬಿದ್ದು ಸಾವನ್ನಪ್ಪಿದರು. ವಯಸ್ಸು 28. ಮರಣೋತ್ತರ ಪರೀಕ್ಷೆಯಲ್ಲಿ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಪತ್ತೆಯಾಯಿತು.

ಇಂಥ ಸಾವುಗಳಾದಾಗ ‘ಅತಿ ವ್ಯಾಯಾಮವೇ ಕಾರಣ’ ಎಂಬ ಮಾತು ಹರಡುತ್ತದೆ. ಆದರೆ ಎಳೆಯ ಆಟಗಾರರಲ್ಲಿ ಅನೇಕ ಬಾರಿ ಮೂಲ ದೋಷ ಹುಟ್ಟಿನಿಂದಲೇ ಜೀನ್‌ನಲ್ಲಿರುತ್ತದೆ. ಈ ಕಾಯಿಲೆಯಲ್ಲಿ ಸ್ನಾಯುವಿನ ಪ್ರೋಟೀನ್‌ಗೆ ಸಂಬಂಧಿಸಿದ ಜೀನ್ ಬದಲಾಗಿರುತ್ತದೆ. ಸ್ನಾಯುವಿನ ಎಳೆಗಳು ಅಸ್ತವ್ಯಸ್ತವಾಗಿ ಬೆಳೆಯುತ್ತವೆ. ಜೋರಾಗಿ ಓಡುವಾಗ ವಿದ್ಯುತ್ ಸಂಕೇತ ದಾರಿ ತಪ್ಪಿದರೆ, ಹೃದಯ ರಕ್ತವನ್ನು ಪಂಪ್ ಮಾಡದೆ ಬರೀ ಅದುರತೊಡಗುತ್ತದೆ. ‘ಲಾಂಗ್ ಕ್ಯೂಟಿ’ ಎಂಬ ಇನ್ನೊಂದು ಆನುವಂಶಿಕ ದೋಷದಲ್ಲಿ ಸ್ನಾಯು ಸರಿಯಾಗೇ ಇರುತ್ತದೆ, ಕೆಟ್ಟಿರುವುದು ವಿದ್ಯುತ್ ವ್ಯವಸ್ಥೆ. ಹಾಗಾಗಿ ಮರಣೋತ್ತರ ಪರೀಕ್ಷೆಯಲ್ಲೂ ಏನೂ ಕಾಣದಿರಬಹುದು.

ಸ್ನಾಯು ದಪ್ಪಗಾಗುವ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗಿದೆ. ಅವರಲ್ಲಿ ಹೆಚ್ಚಿನವರು ಹಠಾತ್ತನೆ ಸಾಯುವುದಿಲ್ಲ. ಆದರೆ ತಂದೆ ಅಥವಾ ತಾಯಿಯಲ್ಲಿ ಈ ಜೀನ್ ದೋಷವಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ. 50.

ಆದ್ದರಿಂದ ಮನೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನಲ್ಲಿ ಹೀಗೆ ತೀರಿಕೊಂಡಿದ್ದರೆ ಹೆತ್ತವರು, ಒಡಹುಟ್ಟಿದವರು, ಮಕ್ಕಳು ಹೃದ್ರೋಗ ತಜ್ಞರನ್ನು ಕಂಡು ಇಸಿಜಿ, ಎಕೋ ಪರೀಕ್ಷೆ ಮಾಡಿಸಬೇಕು. ದೋಷ ಹದಿಹರೆಯದಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ಮಕ್ಕಳಿಗೆ ಒಂದೇ ಪರೀಕ್ಷೆ ಸಾಲದು. ಓಡುವಾಗ ಮಗು ಪ್ರಜ್ಞೆ ತಪ್ಪಿದರೆ ‘ಬಿಸಿಲಿಗೆ ಹೀಗಾಯಿತು’ ಎಂದು ಸುಮ್ಮನಾಗಬೇಡಿ.